ಜೀವಪರಿಮಾಣ

ಜೀವಾತ್ಮನ ಪರಿಮಾಣವೆಷ್ಟು ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನರು ಎಷ್ಟು ಶ್ರದ್ಧೆಯಿಂದ, ಎಷ್ಟು ದೀರ್ಘಕಾಲ ವಿಚಾರಿಸಿದರೆಂಬುದನ್ನು ಬಲ್ಲ ಇಂದಿನ ಓದುಗರಲ್ಲಿ ಹಲವರು, ಆಕಾರವಾಗಲಿ ಭಾರವಾಗಲಿ ಇಲ್ಲದ ವಸ್ತುವಿಗೆ ಅಳತೆಗೋಲು ಹಿಡಿಯುವ ಆ ಶ್ರಮವೆಲ್ಲ ವ್ಯರ್ಥವೆಂದೇ ಭಾವಿಸುತ್ತಾರೆ. ಆತ್ಮವು ಅಣುವೆ, ವಿಭುವೆ (ಎಂದರೆ ಸರ್ವವ್ಯಾಪಿಯೆ), ಅಥವಾ ತಾನು ನೆಲಸಿದ ದೇಹದಷ್ಟೇ ಗಾತ್ರದ್ದೆ ಎಂಬ ವಾದಕ್ಕೆ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಅಷ್ಟು ವಿಸ್ತಾರವಾದ ಸ್ಥಾನ ದೊರೆತಿರುವುದೂ, ಅವೇ ಸೂತ್ರಗಳನ್ನು ಮುಂದಿಟ್ಟುಕೊಂಡ ಶಂಕರರೂ ರಾಮಾನುಜರೂ ಮಧ್ವರೂ ಒಂದು ನಿರ್ಣಯಕ್ಕೆ ಬಾರದೆ ಹೋದದ್ದೂ ಅವರಿಗೆ ಪಾಂಡಿತ್ಯದ ಅತಿರೇಕವಾಗಿ ಕಾಣುತ್ತದೆ. ನನಗೆ ಹಾಗೆ ತೋರದು. ಒಂದು ವಸ್ತುವು ತನ್ನ ಅಳತೆಯನ್ನು ತಾನೇ ತಪ್ಪಾಗಿ ಹೇಳಿಕೊಳ್ಳುವುದು ಸಾಧ್ಯವೆ, ಸಾಧ್ಯವಾದರೆ ಆ ತಪ್ಪು ಅದಕ್ಕೆ ಎಲ್ಲಿಂದ ಬಂತು, ಅದನ್ನು ತಿದ್ದುವ ಅಧಿಕಾರ ಯಾರದು ಎಂಬೀ ಪ್ರಶ್ನೆಗಳು ನಿತ್ಯವ್ಯವಹಾರದಲ್ಲಿಯೇ ಏಳತಕ್ಕವು. ಗಣಕಯಂತ್ರದ ಹಾರ್ಡ್ ಡಿಸ್ಕೊಂದನ್ನು ಕ್ಲೋನ್ ಮಾಡಿ ನೋಡಿದವರಿಗೆ ಅವು ಕಣ್ಣಿಗೆ ಕಟ್ಟಿದಂತೆ ಎದುರಾಗುತ್ತವೆ.

ಸಂದರ್ಭವು ಬಹು ಪರಿಚಿತವಾದದ್ದು. ಐದುನೂರು ಜಿಬಿಯ ಹಳೆಯ ಡಿಸ್ಕು ತುಂಬಿಹೋಗಿದೆ. ಮನೆಯವರು ಒಂದು ಟಿಬಿಯ ಹೊಸ ಡಿಸ್ಕನ್ನು ತರುತ್ತಾರೆ. ಹಳೆಯದರಲ್ಲಿರುವುದನ್ನೆಲ್ಲ, ಮೊದಲನೆಯ ಸೆಕ್ಟರಿನಿಂದ ಕಟ್ಟಕಡೆಯ ಸೆಕ್ಟರಿನವರೆಗೆ, ಒಂದಕ್ಷರವೂ ಬಿಡದಂತೆ ಹೊಸದಕ್ಕೆ ಪ್ರತಿಮಾಡುತ್ತಾರೆ. ಕೆಲಸ ನಿರ್ವಿಘ್ನವಾಗಿ ಮುಗಿಯುತ್ತದೆ. ಹೊಸ ಡಿಸ್ಕಿನಿಂದ ಯಂತ್ರವು ಎಂದಿನಂತೆ ಎದ್ದು ನಿಲ್ಲುತ್ತದೆ. ಮಗಳ ಮದುವೆಯ ಚಿತ್ರಗಳೂ ಮಗನ ಪಾಠದ ಟಿಪ್ಪಣಿಗಳೂ ಇದ್ದಲ್ಲಿಯೇ ಇವೆ. ಆದರೆ ‘ನಿನ್ನಲ್ಲಿ ಎಷ್ಟು ಸ್ಥಳವಿದೆ’ ಎಂದು ಕೇಳಿದರೆ ಅದು ಕೊಡುವ ಉತ್ತರ 465 ಜಿಬಿ. ಎಂದರೆ ಹಳೆಯದು ಕೊಡುತ್ತಿದ್ದ ಉತ್ತರವೇ. ಅಂಗಡಿಯವನು ಮೋಸಮಾಡಿದನೆಂದೋ ಡಿಸ್ಕೇ ಕೆಟ್ಟದೆಂದೋ ಮೊದಲು ಶಂಕೆ ಹುಟ್ಟುವುದು ಸಹಜ.

ಇಲ್ಲಿ ಅವಸರದಿಂದ ಏನನ್ನೂ ತಿದ್ದಬಾರದು. ತಿದ್ದುವುದಕ್ಕೆ ಮೊದಲು ಓದಬೇಕು. ಐದುನೂರೆಂದು ಮಾರಿದ ಹಳೆಯ ಡಿಸ್ಕು 465 ಎಂದದ್ದರಲ್ಲಿ ದೋಷವೇನೂ ಇರಲಿಲ್ಲ. ಅದರಲ್ಲಿದ್ದ ಸೆಕ್ಟರುಗಳು 97,67,73,168. ಒಂದೊಂದಕ್ಕೆ 512 ಬೈಟುಗಳಂತೆ ಎಣಿಸಿದರೆ ಐವತ್ತು ಸಾವಿರ ಕೋಟಿ ಬೈಟುಗಳಿಗೆ ಸ್ವಲ್ಪ ಮೇಲಾಗುತ್ತದೆ. ತಯಾರಕರು ಸಾವಿರಸಾವಿರವಾಗಿ ಭಾಗಿಸಿದರು, ವಿಂಡೋಸು 1024ರಂತೆ ಭಾಗಿಸಿತು. ಎರಡೂ ಒಂದೇ ವಸ್ತುವನ್ನು ಕುರಿತ ಎರಡು ಸಂಪ್ರದಾಯಗಳು. ಈ ಗೊಂದಲವನ್ನು ನಿವಾರಿಸಲೆಂದೇ 1998ರಲ್ಲಿ ಅಂತಾರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು ಎರಡನೆಯ ಬಗೆಯ ಎಣಿಕೆಗೆ ‘ಗಿಬಿಬೈಟ್’ ಮೊದಲಾದ ಪ್ರತ್ಯೇಕ ಹೆಸರುಗಳನ್ನು ಕೊಟ್ಟಿತಾದರೂ ಲೋಕದ ರೂಢಿ ಬದಲಾಗಲಿಲ್ಲ. ಹೊಸ ಡಿಸ್ಕು ಅದೇ ರೂಢಿಯಂತೆ 931 ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮತ್ತೊಂದು ಬಗೆಯ ತಪ್ಪೂ ಉಂಟು. ಮೂರು ಟಿಬಿಯ ಡಿಸ್ಕನ್ನು ಹಳೆಯ ಕಾಲದ ಯುಎಸ್‌ಬಿ ಪೆಟ್ಟಿಗೆಯೊಂದರಲ್ಲಿಟ್ಟು ಕೇಳಿದರೆ 746 ಜಿಬಿ ಎಂಬ ವಿಚಿತ್ರವಾದ ಅಂಕಿ ಬರುವುದುಂಟು. ಆ ಪೆಟ್ಟಿಗೆಯು ಸೆಕ್ಟರುಗಳನ್ನು ಎಣಿಸುವಾಗ 32 ಬಿಟ್ಟುಗಳಿಗಿಂತ ಮುಂದೆ ಹೋಗಲಾರದೆ, 429 ಕೋಟಿಯನ್ನು ದಾಟಿದೊಡನೆ ಪುನಃ ಸೊನ್ನೆಯಿಂದ ಆರಂಭಿಸಿ, ಉಳಿದದ್ದನ್ನು ಮಾತ್ರ ಹೇಳುತ್ತದೆ. ನಮ್ಮ ಪ್ರಮಾಣಶಾಸ್ತ್ರಜ್ಞರು ಇದನ್ನು ಕರಣದೋಷವೆನ್ನುತ್ತಿದ್ದರು. ಕಾಮಾಲೆಯ ಕಣ್ಣಿಗೆ ಶಂಖವು ಹಳದಿಯಾಗಿ ಕಾಣುವುದೆಂಬ ಅವರ ಪ್ರಸಿದ್ಧ ದೃಷ್ಟಾಂತದಲ್ಲಿ ಶಂಖದ ತಪ್ಪೇನೂ ಇಲ್ಲ.

ನಮ್ಮ ಡಿಸ್ಕಿನ ವಿಷಯ ಇವೆರಡಕ್ಕಿಂತ ಸೂಕ್ಷ್ಮವಾದುದು. ಡಿಸ್ಕಿನ ನಿಯಂತ್ರಕವನ್ನೇ ನೇರವಾಗಿ ಕೇಳಿದರೆ ಅದು ತನ್ನಲ್ಲಿ 1,95,35,25,168 ಸೆಕ್ಟರುಗಳಿವೆಯೆಂದು ನಿಸ್ಸಂದಿಗ್ಧವಾಗಿ ಉತ್ತರಿಸುತ್ತದೆ. ಹಾಗಾದರೆ 465 ಎಂದವರು ಯಾರು? ಡಿಸ್ಕಿನ ಆರಂಭದ ಸೆಕ್ಟರುಗಳಲ್ಲಿ ಪಾರ್ಟಿಷನ್ ಟೇಬಲ್ ಎಂಬ ಒಂದು ಸಣ್ಣ ಶಾಸನವಿರುತ್ತದೆ: ಇಂಥ ಭಾಗ ಇಲ್ಲಿ ಮೊದಲಾಗುತ್ತದೆ, ಇಂಥಲ್ಲಿ ಮುಗಿಯುತ್ತದೆ ಎಂಬ ಬರೆಹ. ಹಳೆಯ ಕ್ರಮದಲ್ಲಿ ಅದು ಪ್ರಥಮ ಸೆಕ್ಟರಿನ 446ನೆಯ ಬೈಟಿನಿಂದ ಹದಿನಾರು ಬೈಟುಗಳ ನಾಲ್ಕು ಪಂಕ್ತಿಗಳಲ್ಲಿ ಅಡಗುವಷ್ಟು ಚಿಕ್ಕದು. ಜಿಪಿಟಿ ಎಂಬ ಹೊಸ ಕ್ರಮದಲ್ಲಿ ಅದು ಇನ್ನಷ್ಟು ವಿಸ್ತಾರವಾಗಿದ್ದು, ಡಿಸ್ಕಿನ ಕಟ್ಟಕಡೆಯ ಸೆಕ್ಟರು ಯಾವುದೆಂಬುದನ್ನೂ ತನ್ನಲ್ಲಿ ನಮೂದಿಸಿಕೊಂಡಿರುತ್ತದೆ. ಅಲ್ಲದೆ ತನ್ನದೇ ಒಂದು ಪ್ರತಿಯನ್ನು ಡಿಸ್ಕಿನ ಕಡೆಯ ಸೆಕ್ಟರುಗಳಲ್ಲಿ ಕಾಪಿಟ್ಟಿರುತ್ತದೆ. ಕ್ಲೋನ್ ಮಾಡುವಾಗ ಚಿತ್ರ, ಲೇಖನ, ಸಂಗೀತಗಳೊಂದಿಗೆ ಈ ಶಾಸನವೂ ಅಕ್ಷರಶಃ ನಕಲಾಯಿತು. ಹೊಸ ಡಿಸ್ಕಿನ ಹಣೆಯಲ್ಲಿ ‘97,67,73,167ನೆಯ ಸೆಕ್ಟರೇ ನನ್ನ ಕೊನೆ’ ಎಂಬ ಲಿಪಿ ಕುಳಿತಿತು, ‘ಇಲ್ಲಿಗೆ ಮುಗಿಯಿತು’ ಎಂಬ ಗಡಿಕಲ್ಲು ಅದರ ನಡುಮಧ್ಯದಲ್ಲಿ ನೆಲೆಗೊಂಡಿತು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದರೆ ಎಡಗಡೆ ನೀಲಿ ಪಟ್ಟಿಯ ಕೆಳಗೆ ಪರಿಚಿತವಾದ ಸಿ ಡ್ರೈವ್, ಬಲಗಡೆ ಕರಿಯ ಪಟ್ಟಿಯ ಕೆಳಗೆ ಯಾರಿಗೂ ಹಂಚಿಕೆಯಾಗದೆ, ಹೆಸರಿಲ್ಲದೆ ಬಿದ್ದಿರುವ ಇನ್ನೊಂದು ಅರ್ಧ.

ಇದರಲ್ಲಿ ಮನನಯೋಗ್ಯವಾದ ಅಂಶವೆಂದರೆ, ಎಲ್ಲಿಯೂ ಯಾರೂ ಸುಳ್ಳು ಹೇಳಿಲ್ಲವೆಂಬುದು. ಆ ಶಾಸನದ ಪ್ರತಿಯೊಂದು ಅಂಕಿಯೂ ತಾನು ಹುಟ್ಟಿದೆಡೆಯಲ್ಲಿ ಸತ್ಯವಾಗಿತ್ತು. ಅನ್ಯತ್ರ ಸತ್ಯವಾದದ್ದು ಇಲ್ಲಿ ಬಂದು ಕುಳಿತು ಅಸತ್ಯವಾಯಿತು. ಭ್ರಮೆಯ ಸ್ವರೂಪವನ್ನು ವಿವರಿಸುತ್ತ ನೈಯಾಯಿಕರು ಅನ್ಯಥಾಖ್ಯಾತಿಯೆಂದದ್ದು ಇಂಥದನ್ನೇ: ಚಿಪ್ಪಿನಲ್ಲಿ ಕಂಡ ಬೆಳ್ಳಿ ಶುದ್ಧ ಶೂನ್ಯವಲ್ಲ, ಬೇರೆಡೆಯಲ್ಲಿರುವ ನಿಜವಾದ ಬೆಳ್ಳಿಯೇ ಇಲ್ಲಿದ್ದಂತೆ ತೋರಿತು. ಶಂಕರರೂ ತಮ್ಮ ಸೂತ್ರಭಾಷ್ಯದ ಉಪೋದ್ಘಾತದಲ್ಲಿ ಅಧ್ಯಾಸವನ್ನು ನಿರೂಪಿಸುವಾಗ, ಹಿಂದೆ ಕಂಡದ್ದು ಸ್ಮೃತಿಯ ರೂಪದಿಂದ ಮತ್ತೊಂದೆಡೆಯಲ್ಲಿ ಅವಭಾಸವಾಗುವುದೆಂಬ ಅರ್ಥದ ಲಕ್ಷಣವನ್ನು ಕೊಡುತ್ತಾರೆ. ಅಧ್ಯಾಸದ ಬಲವೆಲ್ಲ ಅದರೊಳಗಿನ ಸತ್ಯಾಂಶದಲ್ಲಿದೆ. ಕೇವಲ ಸುಳ್ಳು ಇಷ್ಟು ಕಾಲ ಬಾಳಲಾರದು. ಒಂದಾನೊಂದು ಕಾಲದಲ್ಲಿ ಎಲ್ಲಿಯೋ ನಿಜವಾಗಿದ್ದ ಮಾತು ತಲೆಮಾರುಗಳ ಮೇಲೆ ತಲೆಮಾರುಗಳನ್ನು ಆಳಬಲ್ಲದು.

ಈಗ ಜೀವಪರಿಮಾಣದ ವಾದಕ್ಕೆ ಬರೋಣ. ಜೀವನು ದೇಹಪರಿಮಾಣನೆಂಬುದು ಜೈನರ ಮತ. ದೀಪದ ಬೆಳಕು ಕೊಠಡಿಗೆ ತಕ್ಕಂತೆ ಹರಡುವ ಹಾಗೆ ಜೀವಪ್ರದೇಶಗಳು ದೊರೆತ ದೇಹಕ್ಕೆ ಅನುಗುಣವಾಗಿ ಸಂಕೋಚವಿಕಾಸಗಳನ್ನು ಹೊಂದುತ್ತವೆಯೆಂದು ತತ್ತ್ವಾರ್ಥಸೂತ್ರವು ಪ್ರತಿಪಾದಿಸುತ್ತದೆ. ಶಂಕರರು ಇದಕ್ಕೆ ಎತ್ತುವ ಆಕ್ಷೇಪ, ಹಾರ್ಡ್ ಡಿಸ್ಕುಗಳನ್ನು ಕಂಡವರಿಗೆ ಆಶ್ಚರ್ಯವನ್ನುಂಟುಮಾಡುವಷ್ಟು ಪರಿಚಿತವಾದುದು: ಮನುಷ್ಯದೇಹದಷ್ಟಿದ್ದ ಜೀವವು ಕರ್ಮವಶದಿಂದ ಆನೆಯ ಜನ್ಮಕ್ಕೆ ಬಂದರೆ ಆ ದೇಹವನ್ನು ಪೂರ್ತಿಯಾಗಿ ವ್ಯಾಪಿಸಲಾರದು, ಕ್ಷುದ್ರಕೀಟದ ಜನ್ಮಕ್ಕೆ ಹೋದರೆ ಆ ದೇಹದಲ್ಲಿ ಹಿಡಿಸಲಾರದು. ಚಿಕ್ಕ ಡಿಸ್ಕಿನ ಪ್ರತಿಯನ್ನು ದೊಡ್ಡದರ ಮೇಲೆ ಇಳಿಸಿದಾಗ ಅರ್ಧ ಬರಿದಾಗುಳಿಯುವುದೂ, ದೊಡ್ಡದರ ಪ್ರತಿಯನ್ನು ಚಿಕ್ಕದರ ಮೇಲೆ ಇಳಿಸಹೋದಾಗ ಕಾರ್ಯವು ನಡುವೆಯೇ ನಿಂತುಹೋಗುವುದೂ ಇವೇ ಎರಡು ದೋಷಗಳು. ಜೈನರ ಸಿದ್ಧಾಂತದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಬೇರೊಂದು ಮಾತು. ಮುಕ್ತನಾದ ಜೀವನಿಗೆ ದೇಹವೇ ಇಲ್ಲವಾದರೂ ಅವನ ಅವಗಾಹನೆಯು, ಎಂದರೆ ಅವನು ವ್ಯಾಪಿಸುವ ಅಳತೆಯು, ಕಟ್ಟಕಡೆಯ ದೇಹಕ್ಕಿಂತ ಕಿಂಚಿತ್ ಊನವಾಗಿ ಉಳಿಯುತ್ತದೆಯೆಂದು ಅವರು ಹೇಳುತ್ತಾರೆ. ಸಂಕೋಚವಿಕಾಸಗಳಿಗೆ ಕಾರಣವಾದ ಕರ್ಮವೇ ಕ್ಷಯಿಸಿದ ಮೇಲೆ ಅಳತೆಯನ್ನು ಬದಲಿಸುವ ಹೇತುವಿಲ್ಲವೆಂಬುದು ಅವರ ಯುಕ್ತಿ. ಕಡೆಯ ಬಿಡಾರದ ಅಳತೆಯನ್ನು ಅನಂತಕಾಲ ಹೊತ್ತಿರುವ ಮುಕ್ತನ ಕಲ್ಪನೆಯಲ್ಲಿ ಒಂದು ಗಾಂಭೀರ್ಯವಿದೆ.

ಶಂಕರರ ಸಮಾಧಾನವಾದರೋ ಬೇರೆ ದಾರಿಯದು. ಆತ್ಮನು ವಿಭು; ಅವನನ್ನು ಅಣುವೆನ್ನುವ ಶ್ರುತಿವಾಕ್ಯಗಳು ಬುದ್ಧಿಯ ಪರಿಮಾಣವನ್ನು ಆತ್ಮನ ಮೇಲಿಟ್ಟು ಆಡಿದ ಮಾತುಗಳು. ಬುದ್ಧಿಯೆಂಬ ಉಪಾಧಿಯ ಅಳತೆಯನ್ನು ಉಪಹಿತನಾದ ಆತ್ಮನ ಅಳತೆಯೆಂದು ಹೇಳುವುದು ವ್ಯವಹಾರ, ಹಾಗೆಂದು ನಂಬುವುದು ಅವಿದ್ಯೆ. ಟೇಬಲ್ಲಿನ ಅಂಕಿಯನ್ನು ಡಿಸ್ಕಿನ ಅಂಕಿಯೆಂದು ಓದಿದ ನಮ್ಮ ಪ್ರಮಾದಕ್ಕೆ ಇದಕ್ಕಿಂತ ನಿಷ್ಕೃಷ್ಟವಾದ ವಿವರಣೆಯನ್ನು ನಾನು ಕಾಣೆ. ಆದರೂ ದೃಷ್ಟಾಂತವು ಇಲ್ಲಿಂದ ಮುಂದೆ ಶಂಕರರೊಡನೆ ನಡೆಯುವುದಿಲ್ಲ. ಟೇಬಲ್ಲನ್ನು ಅಳಿಸಿದೊಡನೆ ಡಿಸ್ಕು ಅನಂತವಾಗದು. ಅದಕ್ಕೆ ತನ್ನದೇ ಆದ, ಎಣಿಸಬಹುದಾದ, ಬೇರೊಂದು ಡಿಸ್ಕಿನದಲ್ಲದ ಒಂದು ಸೀಮೆ ಇದ್ದೇ ಇದೆ. ಮೇಲುಕೋಟೆಯಲ್ಲಿ ಬಹುಕಾಲ ನೆಲಸಿದ್ದ ರಾಮಾನುಜರು ಜೀವನನ್ನು ಅಣುವೆಂದೊಪ್ಪಿ, ಅವನ ಗುಣವಾಗಿರುವ ಧರ್ಮಭೂತಜ್ಞಾನವು ಕರ್ಮದಿಂದ ಸಂಕುಚಿತವಾಗಿದ್ದು ಮೋಕ್ಷದಲ್ಲಿ ಪೂರ್ಣವಾಗಿ ವಿಕಸಿಸುವುದೆಂದರು. ಅವರ ಮತದಲ್ಲಿಯೂ ಮುಕ್ತರ ಜ್ಞಾನವಿಕಾಸಕ್ಕೆ ಮೇರೆಯಿಲ್ಲ.

ಒಂದೊಂದು ಜೀವಕ್ಕೂ ಅನಾದಿಯಾದ ತನ್ನ ತನ್ನ ಯೋಗ್ಯತೆಯುಂಟು, ಆ ಯೋಗ್ಯತೆಗಳು ಪರಸ್ಪರ ಸಮವಲ್ಲ, ಅವಿದ್ಯೆಯ ಆವರಣವು ಅದನ್ನು ಮುಚ್ಚಿದೆ, ಶ್ರೀಹರಿಯ ಪ್ರಸಾದದಿಂದ ಆವರಣವು ಸರಿದಾಗ ಸ್ವರೂಪಾನಂದವು ಆವಿರ್ಭವಿಸುತ್ತದೆ ಎಂದವರು, ಉಡುಪಿಯ ಬಳಿಯ ಪಾಜಕದಲ್ಲಿ ಹದಿಮೂರನೆಯ ಶತಮಾನದಲ್ಲಿ ಜನಿಸಿದ ಮಧ್ವಾಚಾರ್ಯರು. ಮುಕ್ತಿಯಲ್ಲಿಯೂ ತಾರತಮ್ಯವಿದೆಯೆಂಬ ಅವರ ಮಾತು ಮೊದಲ ಶ್ರವಣಕ್ಕೆ ಕಠೋರವಾಗಿ ಕೇಳುತ್ತದೆ. ಆದರೆ ಚಿಕ್ಕ ಬಿಂದಿಗೆಯೂ ದೊಡ್ಡ ಹಂಡೆಯೂ ಕಂಠದವರೆಗೆ ತುಂಬಿದ ಮೇಲೆ ಎರಡೂ ಪೂರ್ಣವೇ, ಚಿಕ್ಕದಕ್ಕೆ ಕೊರತೆಯೆಂಬುದಿಲ್ಲ ಎಂದು ಆ ಸಂಪ್ರದಾಯದವರು ವಿವರಿಸುವಾಗ ಕಠೋರತೆ ಬಹುಮಟ್ಟಿಗೆ ಕರಗುತ್ತದೆ. ನಮ್ಮ ಡಿಸ್ಕಿನ ವೃತ್ತಾಂತವು ಆದ್ಯಂತವಾಗಿ ಈ ದರ್ಶನಕ್ಕೆ ಹೊಂದುತ್ತದೆ. ಹೊಸದಾಗಿ ಏನನ್ನೂ ಅದಕ್ಕೆ ಸೇರಿಸಬೇಕಾಗಿಲ್ಲ. ಇದ್ದ ಸಾಮರ್ಥ್ಯವೇ ಮುಚ್ಚಿಹೋಗಿತ್ತು, ಅದು ಪ್ರಕಟವಾಗಬೇಕು. ಪ್ರಕಟವಾದಾಗ ಅದು ಎರಡು ಟಿಬಿಯದಾಗದು, ಆಗಬೇಕೆಂದು ಬಯಸುವುದೂ ಸಲ್ಲದು. ಹೋಲಿಕೆಯು ನಿಲ್ಲುವುದು ಒಂದೆಡೆಯಲ್ಲಿ: ಜಡವಾದ ಡಿಸ್ಕಿಗೆ ತನ್ನ ಕುಗ್ಗಿದ ಅಳತೆಯಿಂದ ದುಃಖವಿಲ್ಲ. ಮನುಷ್ಯನಿಗೆ ಉಂಟು. ತನ್ನದಲ್ಲದ ಮೇರೆಯೊಳಗೆ ಬಾಳುವವನ ಕ್ಲೇಶವು ಅವನಿಗೆ ಹೆಸರಿಟ್ಟು ಹೇಳಲಾರದಂಥದಾದರೂ ಆಯುಸ್ಸಿನುದ್ದಕ್ಕೂ ಅವನನ್ನು ಬಿಡುವುದಿಲ್ಲ.

ಮಧ್ವರ ಯೋಗ್ಯತಾಸಿದ್ಧಾಂತವನ್ನು ನಾನು ಗೌರವಿಸುವವನು. ಆದಕಾರಣವೇ ಅದರ ಹೆಸರಿನಲ್ಲಿ ಲೋಕದಲ್ಲಿ ನಡೆಯುವ ಒಂದು ವ್ಯವಹಾರವನ್ನು ಕಂಡು ಸುಮ್ಮನಿರಲಾರೆ. ಯೋಗ್ಯತೆ ಸ್ವರೂಪದಲ್ಲಿದೆಯೆಂದು ಬಾಯಲ್ಲಿ ಹೇಳುತ್ತ, ಅದನ್ನು ಓದುವಾಗ ಮಾತ್ರ ಕುಲವನ್ನೋ, ತಂದೆಯ ಉದ್ಯೋಗವನ್ನೋ, ಅಜ್ಜನ ಊರಿನ ಕೇರಿಯನ್ನೋ ಓದುವವರು ನಮ್ಮಲ್ಲಿ ಎಲ್ಲ ಕಾಲದಲ್ಲಿಯೂ ಇದ್ದರು, ಈಗಲೂ ಇದ್ದಾರೆ. ಮಾಧ್ವರಲ್ಲಿ ಮಾತ್ರವಲ್ಲ, ಎಲ್ಲ ಮತಗಳಲ್ಲಿಯೂ ಇದ್ದಾರೆ. ಅವರು ಓದುತ್ತಿರುವುದು ಪ್ರತಿಯಾಗಿ ಬಂದ ಟೇಬಲ್ಲನ್ನು. ತಂದೆಯು ಮಗನಿಗೆ ಭಾಷೆಯನ್ನು ಕೊಟ್ಟ, ದೇವರ ನಾಮಗಳನ್ನು ಕೊಟ್ಟ, ಅನ್ನದ ರುಚಿಯನ್ನು ಕೊಟ್ಟ. ಅವುಗಳೊಂದಿಗೆ, ಕೊಡಬೇಕೆಂಬ ಉದ್ದೇಶವಿಲ್ಲದೆಯೇ, ‘ನಮ್ಮಂಥವರಿಗೆ ಇಷ್ಟೇ’ ಎಂಬ ಗಡಿಯನ್ನೂ ಕೊಟ್ಟ. ತಂದೆಯ ಕಾಲದಲ್ಲಿ, ಅವನನ್ನು ಸುತ್ತುವರಿದ ನಿರ್ಬಂಧಗಳ ನಡುವೆ, ಅದು ಸುಳ್ಳಾಗಿರಲಿಲ್ಲವೇನೋ. ಮಗನ ವಿಷಯದಲ್ಲಿ ಅದು ಏನನ್ನೂ ಹೇಳಲಾರದು. ಸ್ವರೂಪಗತವಾದ ವರ್ಣವೇ ಬೇರೆ, ಜನ್ಮದಿಂದ ಬಂದ ವರ್ಣವೇ ಬೇರೆ ಎಂಬ ವಿವೇಚನೆ ಮಾಧ್ವಪರಂಪರೆಯೊಳಗೇ ಇದೆಯೆಂಬುದನ್ನು ಇಲ್ಲಿ ನೆನೆಯಬೇಕು. ಡಿಸ್ಕಿನ ನಿಯಂತ್ರಕವನ್ನಾದರೆ ಒಂದು ಆದೇಶ ಕೊಟ್ಟು ನೇರವಾಗಿ ಕೇಳಬಹುದು. ಜೀವನ ಸ್ವರೂಪಯೋಗ್ಯತೆಯನ್ನು ಹಾಗೆ ಕೇಳಿ ತಿಳಿಯುವ ಸಾಧನ ನಮ್ಮ ಕೈಯಲ್ಲಿಲ್ಲ. ಅದು ಸರ್ವಜ್ಞನಿಗೆ ಗೋಚರ. ಇಂತಿರಲು ಮತ್ತೊಬ್ಬನ ಯೋಗ್ಯತೆ ಇಷ್ಟೇ ಎಂದು ನಿರ್ಣಯಿಸುವವನು, ಆ ದರ್ಶನದೊಳಗೇ ನಿಂತು ನೋಡಿದರೂ, ತನಗಿಲ್ಲದ ಸರ್ವಜ್ಞತ್ವವನ್ನು ತಾನು ವಹಿಸಿಕೊಂಡಂತಾಯಿತು.

ತಿದ್ದುವ ಕ್ರಮದಲ್ಲಿಯೂ ತಿಳಿಯಬೇಕಾದ ವಿಷಯಗಳಿವೆ. ಜಿಪಿಟಿಯ ಶಾಸನವನ್ನು ಓದಬಲ್ಲ ಕೆಲವು ಸಾಧನಗಳು, ಕಡೆಯ ಗಡಿಕಲ್ಲು ನಡುವಿನಲ್ಲಿರುವುದನ್ನು ತಾವೇ ಗುರುತಿಸಿ, ಸರಿಪಡಿಸಲೆ, ಹಾಗೆಯೇ ಬಿಡಲೆ ಎಂದು ಕೇಳುತ್ತವೆ. ಅದನ್ನು ಡಿಸ್ಕಿನ ನಿಜವಾದ ಅಂತ್ಯಕ್ಕೆ ಸರಿಸಿದ ಮೇಲೆ ಪಾರ್ಟಿಷನ್ನನ್ನು ವಿಸ್ತರಿಸಬೇಕು. ಇಷ್ಟಾದರೂ ಕೆಲವೊಮ್ಮೆ ಸಿ ಡ್ರೈವ್ ತಾನು 465 ಎಂದೇ ಹಠಹಿಡಿಯುತ್ತದೆ. ಏಕೆಂದರೆ ಪಾರ್ಟಿಷನ್ನಿನೊಳಗಿನ ಫೈಲ್ ಸಿಸ್ಟಮ್ ತನ್ನ ಆದಿಯ ಸೆಕ್ಟರಿನಲ್ಲಿ ಹಳೆಯ ಎಣಿಕೆಯನ್ನು ಪ್ರತ್ಯೇಕವಾಗಿ ಬರೆದುಕೊಂಡಿರುತ್ತದೆ. ಹೊರಗಿನ ಗಡಿ ವಿಸ್ತಾರವಾದ ಮಾತ್ರಕ್ಕೆ ಒಳಗಿನ ನಂಬಿಕೆ ವಿಸ್ತಾರವಾಗುವುದಿಲ್ಲ. ಅದನ್ನು ಬೇರೆಯಾಗಿಯೇ ತಿಳಿಸಬೇಕು. ಕಾಯಿದೆಯು ಒಂದು ಸಮುದಾಯದ ಮೇಲಿನ ನಿಷೇಧವನ್ನು ತೆಗೆದುಹಾಕಿದ ಎಷ್ಟೋ ವರ್ಷಗಳ ಮೇಲೂ, ತೆರೆದ ಗುಡಿಯ ಬಾಗಿಲಿನಲ್ಲಿ ಕಾಲೆತ್ತಿಡಲು ಅಂಜುವವರನ್ನು ಕಂಡವರಿಗೆ ಈ ಮಾತು ಅರ್ಥವಾದೀತು. ಆ ಅಂಜಿಕೆಯನ್ನು ಅವರ ದೌರ್ಬಲ್ಯವೆಂದು ಕರೆಯುವುದು ಅನ್ಯಾಯ.

ಇನ್ನೊಂದು ತೊಡಕು ಆಗಾಗ ಬರುತ್ತದೆ. ಖಾಲಿ ಸ್ಥಳವು ಕಣ್ಣೆದುರಿಗಿದ್ದರೂ ‘ಎಕ್ಸ್‌ಟೆಂಡ್ ವಾಲ್ಯೂಮ್’ ಎಂಬ ಆಯ್ಕೆಯು ಮಬ್ಬಾಗಿಯೇ ಇರುತ್ತದೆ, ಒತ್ತಿದರೆ ಕೆಲಸಮಾಡದು. ಸೂಕ್ಷ್ಮವಾಗಿ ನೋಡಿದರೆ ಸಿ ಡ್ರೈವಿಗೂ ಆ ಖಾಲಿ ಸ್ಥಳಕ್ಕೂ ನಡುವೆ ಕೆಲವು ನೂರು ಎಂಬಿಯ ರಿಕವರಿ ಪಾರ್ಟಿಷನ್ ಒಂದು ಕುಳಿತಿರುತ್ತದೆ. ಅದು ಆಪತ್ಕಾಲಕ್ಕಾಗಿ ಇಟ್ಟದ್ದು. ಯಂತ್ರವು ಕೆಟ್ಟಾಗ ಅದನ್ನು ಪುನಃ ಎಬ್ಬಿಸುವ ಸಾಮಗ್ರಿ ಅದರಲ್ಲಿದೆ. ಹಳೆಯ ಡಿಸ್ಕಿನಲ್ಲಿ ಅದು ಕಡೆಯಲ್ಲಿದ್ದು ಯಾರಿಗೂ ಅಡ್ಡಿಯಾಗಿರಲಿಲ್ಲ. ಹೊಸದರಲ್ಲಿ ಅದೇ ಸ್ಥಾನವು ನಡುವಾಗಿ, ರಕ್ಷಣೆಗೆಂದು ಇದ್ದದ್ದು ಬೆಳವಣಿಗೆಗೆ ತಡೆಯಾಗಿದೆ. ನಮ್ಮ ಆಚಾರಗಳಲ್ಲಿ ಇಂಥವು ಅನೇಕ: ವಿಪತ್ತಿನ ದಿನಗಳಲ್ಲಿ ಒಂದು ಸಮಾಜವು ತನ್ನನ್ನು ಉಳಿಸಿಕೊಳ್ಳಲು ಹಾಕಿಕೊಂಡ ಕಟ್ಟುಗಳು, ವಿಪತ್ತು ಕಳೆದು ಭೂಮಿ ವಿಸ್ತಾರವಾದ ಮೇಲೂ ಇದ್ದಲ್ಲಿಯೇ ನಿಂತಿವೆ. ಕೆಲವರು ಅದನ್ನು ಅಳಿಸಿಬಿಡುತ್ತಾರೆ, ಅದು ಶೀಘ್ರೋಪಾಯ. ಅದನ್ನು ಜೋಪಾನವಾಗಿ ಡಿಸ್ಕಿನ ಕೊನೆಗೆ ಸಾಗಿಸಿ, ಆಮೇಲೆ ಸಿ ಡ್ರೈವನ್ನು ವಿಸ್ತರಿಸುವುದು ನಿಧಾನವಾದ ದಾರಿ, ಮತ್ತು ನನ್ನ ಅಭಿಪ್ರಾಯದಲ್ಲಿ ಮೇಲಾದ ದಾರಿ. ಆಪತ್ತು ಮತ್ತೆ ಬಾರದೆಂದು ಯಾರು ಭರವಸೆ ಕೊಡಬಲ್ಲರು?

ಇಂಥ ತಿದ್ದುಪಡಿ ಮಧ್ವರ ಪರಂಪರೆಯೊಳಗೇ ನಡೆದದ್ದುಂಟು. ನ್ಯಾಯಾಮೃತದಂಥ ದುರ್ಗಮವಾದ ವಾದಗ್ರಂಥವನ್ನು ರಚಿಸಿದ, ಶಾಸ್ತ್ರದ ವಿಷಯದಲ್ಲಿ ಎಳ್ಳಷ್ಟೂ ಸಡಿಲಿಕೆಯನ್ನೊಪ್ಪದ ವ್ಯಾಸರಾಯರು, ಹದಿನಾರನೆಯ ಶತಮಾನದಲ್ಲಿ, ಬಾಡ ಎಂಬ ಊರಿನ ಕುರುಬರ ಮನೆತನದಲ್ಲಿ ಹುಟ್ಟಿದ ಕನಕದಾಸರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಮಠದ ಇತರರು ಮುನಿದರೆಂದು ಪರಂಪರೆಯ ಕಥೆಗಳು ಹೇಳುತ್ತವೆ. ಗುರುಗಳು ತಾರತಮ್ಯಸಿದ್ಧಾಂತವನ್ನು ಕೈಬಿಡಲಿಲ್ಲ. ಅದನ್ನು ಕುಲದ ಬರೆಹದಿಂದ ಓದಲು ನಿರಾಕರಿಸಿದರು, ಅಷ್ಟೆ. ಅದಕ್ಕೂ ನಾಲ್ಕು ಶತಮಾನಗಳ ಹಿಂದೆ ಕಲ್ಯಾಣದ ಶರಣರಲ್ಲಿ ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಮೊದಲಾದವರು ತಂತಮ್ಮ ಕಾಯಕದ ಹೆಸರುಗಳನ್ನು ಬಿಡದೆ, ಆ ಹೆಸರುಗಳಿಗೆ ಲೋಕವು ಕಟ್ಟಿದ್ದ ಮೇರೆಯನ್ನು ಮಾತ್ರ ಬಿಟ್ಟಿದ್ದರು. ಹಳೆಯ ಡಿಸ್ಕಿನಿಂದ ಬಂದ ಒಂದು ಕಡತವೂ ನಷ್ಟವಾಗದಂತೆ ಗಡಿಯೊಂದನ್ನೇ ತಿದ್ದುವುದು ಸಾಧ್ಯವೆಂಬುದಕ್ಕೆ ಇವರೆಲ್ಲ ಸಾಕ್ಷಿಗಳು.

ಮಕ್ಕಳಿಗೆ ಪಾಠ ಹೇಳುವವರಲ್ಲಿಯೂ, ಮನೆಯಲ್ಲಿ ಹಿರಿಯರಾದವರಲ್ಲಿಯೂ, ಮಠಮಂದಿರಗಳಲ್ಲಿ ಅಧಿಕಾರ ನಡೆಸುವವರಲ್ಲಿಯೂ ನನ್ನದೊಂದು ಬಿನ್ನಹವಿದೆ. ‘ಇವನಿಗೆ ಇದು ಮೀರಿದ್ದು’ ಎಂಬ ಮಾತು ನಾಲಗೆಗೆ ಬಂದಾಗ ಒಂದು ಗಳಿಗೆ ತಡೆದು, ಆ ಅಂಕಿಯನ್ನು ತಾವು ಎಲ್ಲಿಂದ ಓದಿದಿರೆಂಬುದನ್ನು ವಿಚಾರಿಸಿಕೊಳ್ಳಿ. ಅದು ಆ ಹುಡುಗನಿಂದಲೇ ಬಂದದ್ದಲ್ಲವಾದರೆ, ದಯವಿಟ್ಟು ಆ ಮಾತನ್ನು ಆಡಬೇಡಿ.